ಪಟ್ಟೆ ಮೂಡಿಸುವ ಯಂತ್ರ

ಇಂಗ್ಲೆಂಡಿನ ನಮ್ಮ ಕೆಟರಿಂಗ್ ಊರಿನ ಬೂಟಿನ ಕಾರ್ಖಾನೆ ಮುಚ್ಚಿದ ಮೇಲೆ ಗೆಳೆಯ ನೆವಿಲ್ ಕಂಡವರ ಮನೆಗಳಲ್ಲಿ ತೋಟದ ಕೆಲಸ ಹಿಡಿದ. ಹುಲ್ಲು ಕತ್ತರಿಸುವ ಯಂತ್ರ ಕೊಳ್ಳಲು ಹೋದಾಗ ನಾನೂ ಜೊತೆಗಿದ್ದೆ.

“ಹಗುರದ್ದು ತಗೊಳ್ಳೋ, ನಿನ್ನ ಸೊಂಟ ಮೊದಲೇ ಹೋಗಿದೆ,” ಅಂದೆ.

“ಅದರಲ್ಲಿ ಹುಲ್ಲಿನ ಮೇಲೆ ಪಟ್ಟೆ ಮೂಡಲ್ಲ ಕಣೋ. ಪಟ್ಟೆ ಇಲ್ದಿದ್ರೆ ನಾನು ಕೆಲಸಕ್ಕೆ ಹೋಗೋ ಮನೆಯ ಮಿಸೆಸ್ ಪೆಂಬರ್ಟನ್ ಮುಖ ಗಂಟು ಹಾಕ್ಕೋತಾರೆ.”

ಆ ಮಹಾತಾಯಿಗೋಸ್ಕರ ಹುಲ್ಲನ್ನು ಒತ್ತಿ ಪಟ್ಟೆ ಮೂಡಿಸುವ ಕಬ್ಬಿಣದ ಉರುಳೆ ಹಿಂದೆ ಇರುವ ಭಾರದ್ದನ್ನೇ ಕೊಂಡ. ಚಳಿಗಾಲ ಕಳೆದ ಮೇಲೆ ಏದುಸಿರು ಬಿಡುತ್ತ ಅದನ್ನು ದಬ್ಬಿಕೊಂಡು ಹೋದರೆ, ಅವಳು ಅಂಗಳಕ್ಕೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಸಿಸಿದ್ದಳು.

“ಪಟ್ಟೆ ಇದರಲ್ಲೇ ಬಂದಿದೆ ನೋಡು ನೆವಿಲ್! ಚೆರ್ರಿ ಹೂವು ಉದುರಿದೆ, ಸ್ವಲ್ಪ ಗುಡಿಸಿಬಿಡು,” ಅಂದಳಂತೆ.

ಮುಠ್ಠಾಳ, ಗುಡಿಸಿ ಬಂದ. ಅದೂ ಪಟ್ಟೆಯ ಗುಂಟ, ನೇರವಾಗಿ.