ಹುಳುಮನೆಗೆ ಹೊಗೆ ತೋರಿಸಿದ ಶುಕ್ರವಾರ

ತಮಿಳುನಾಡಿನ ಓಡೈಪಟ್ಟಿಯಲ್ಲಿ ಮಾವನವರು ನೆಟ್ಟಿದ್ದ ದ್ರಾಕ್ಷಿ ಚಪ್ಪರದ ಅರ್ಧವನ್ನು ಕಿತ್ತು ನನ್ನ ಗಂಡ ಹಿಪ್ಪುನೇರಳೆ ಹಾಕಿದಂದಿನಿಂದ ಅತ್ತೆ ಮಗನೊಡನೆ ಮಾತು ಬಿಟ್ಟಿದ್ದರು. ಹೇಳುವುದಿದ್ದರೆ ಮುದ್ದಿನಿಂದ ನನ್ನನ್ನು 'ಕಣ್ಣು' ಎಂದು ಕರೆದು, ಮಗನಿಗೆ ಕೇಳಿಸುವಂತೆ ನನಗೆ ಹೇಳುತ್ತಿದ್ದರು. "ಹಣ್ಣು ಬಿಡೋ ಬಳ್ಳಿ ಕಿತ್ತಾಕಿ ಹುಳ ಸಾಕ್ತಾನಂತೆ ಕಣ್ಣು. ಆ ಹುಳ ಎಷ್ಟ್ ದಿನ ಬದುಕ್ತದೋ ನಾನೂ ನೋಡ್ತೀನಿ."

ಮೊದಲ ಬೆಳೆಯ ರೇಷ್ಮೆಹುಳುಗಳು ಬಂದವು. ಎರಡು ಸಲ ಚರ್ಮ ಬಿಡುವವರೆಗೆ ಬೇರೆಲ್ಲೋ ಸಾಕಿ ಆಮೇಲೆ ರೈತರಿಗೆ ಕೊಡುತ್ತಾರೆ. ಹಾಗಾಗಿ ಹುಳು ಚರ್ಮ ಬಿಡುವುದನ್ನು ಅತ್ತೆಯಾಗಲಿ ನಾನಾಗಲಿ ಕಂಡವರಲ್ಲ. ಅತ್ತೆಯಂತೂ ಹಿತ್ತಿಲ ಹುಳುಮನೆಯತ್ತ ಸುಳಿಯುತ್ತಲೇ ಇರಲಿಲ್ಲ.

ಒಂದು ಶುಕ್ರವಾರ ಗಂಡ ನೆಂಟರ ಮನೆಯ ಶುಭಕಾರ್ಯಕ್ಕೆಂದು ವೇದಸಂದೂರಿಗೆ ಹೋದರು. ಸಂಜೆ ಅತ್ತೆ ಎಂದಿನಂತೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಮನೆಗೆಲ್ಲ ಹೊಗೆ ತೋರಿಸಿದರು. ನಮ್ಮವರಲ್ಲಿ ಮನೆಯಲ್ಲಿ ಉಣ್ಣುವ ಯಾವ ಜೀವವನ್ನೂ ಆ ಹೊಗೆಯಿಂದ ಬಿಡುವುದಿಲ್ಲ, ಕೊಟ್ಟಿಗೆಯ ಹಸುವನ್ನೂ. ಅವರು ಹಿತ್ತಿಲಿನಿಂದ ಬರಲು ತಡವಾಯಿತು. ನಾನು ಅನ್ನ ಬಸಿಯುತ್ತಿದ್ದೆ, ಕೇಳಲಿಲ್ಲ.

ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ ಹುಳುಮನೆ ನಿಶ್ಶಬ್ದವಾಗಿತ್ತು. ಹುಳುಗಳು ತಲೆಯೆತ್ತಿಕೊಂಡು ಮರಗಟ್ಟಿದ್ದವು. ಮೈ ಹೊಳಪುಗೆಟ್ಟು ಹಳೆಯ ಮೇಣದಂತಾಗಿತ್ತು. ಹಿಂದೆಯೇ ಬಂದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನಿನ್ನೆ ಇಲ್ಲಿಗೂ ಹೊಗೆ ತಂದಿದ್ದೆ ಕಣ್ಣು. ಮನೆಗ್ ಬಂದ ಜೀವ, ಎಷ್ಟ್ ದಿನ ಅಂತ ಬಿಡೋದು."

ಹುಳುಗಳಿಗೆ ಘಾಟು ಆಗದೆಂದು ಗಂಡ ನನಗೆ ಹೇಳಿದ್ದರು. ಅತ್ತೆಗೆ ಯಾರು ಹೇಳಬೇಕಿತ್ತು?

"ಅವರಿಗೇ ಒಂದು ಫೋನ್ ಮಾಡಿ ಕೇಳಲಾ, ಅತ್ತೆ?"

"ಬೇಡ. ಬೇಕಂತಲೇ ಅವ್ವ ಕೊಂದ್ಲು ಅಂತಾನೆ. ನಾನು ಆಡಿರೋ ಮಾತಿಗೆ ಯಾರಾದ್ರೂ ಅಂಗೇ ಅನ್ನೋದು."

ಅವರು ಮಾತಾಡಿದ್ದು ನನ್ನೊಡನೆ, ಕಣ್ಣು ಮಾತ್ರ ಹುಳುಗಳ ಮೇಲಿತ್ತು. ನಾನು ಒಂದು ಹುಳುವಿನ ಹತ್ತಿರ ಬಗ್ಗಿದೆ. ತಲೆಯ ಹಿಂದೆ, ತೆಳುಚರ್ಮದ ಒಳಗೆ, ಎಳ್ಳಿನಷ್ಟು ಚಿಕ್ಕ ಕಂದು ತ್ರಿಕೋನವೊಂದು ಕಂಡಿತು. ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರ್ ತೋರಿಸುತ್ತಿದ್ದ ಹುಳುವಿನ ಚಿತ್ರಪಟ ನೆನಪಾಯಿತು. ಚರ್ಮ ಬಿಡುವ ಮೊದಲು ಹೊಸ ತಲೆ ಹಳೆಯದರ ಹಿಂದೆ ಮೂಡುತ್ತದೆ ಎಂದಿದ್ದರು.

"ಇದು ಸತ್ತಿಲ್ಲ ಅತ್ತೆ, ನಿದ್ದೆ ಮಾಡ್ತಿರಬೇಕು. ಮೆಟಮಾರ್ಫಸಿಸ್ ಅಂತಾರೆ, ರೂಪಾಂತರ. ಮೊಟ್ಟೆಯಿಂದ ಹುಳ, ಹುಳದಿಂದ ಗೂಡು, ಗೂಡಿನಿಂದ ಚಿಟ್ಟೆ. ನಡುವೆ ಮೈ ಬೆಳೆದಾಗೆಲ್ಲ ಹಿಂಗೆ ನಿಂತು ಚರ್ಮ ಬಿಡ್ತದೆ."

"ವೇಷ ಹಾಕಿದಂಗಾ?"

"ವೇಷ ಕಳಚಿದರೆ ಮೊದಲಿನವರೇ ಇರ್ತಾರಲ್ಲ ಅತ್ತೆ. ಇದು ಹಿಂದಕ್ಕೆ ಹೋಗಲ್ಲ."

"ಹಂಗಾದ್ರೆ ಸಾಯೋದಕ್ಕೂ ಅದಕ್ಕೂ ಏನ್ ವಿತ್ಯಾಸ?"

ಪರೀಕ್ಷೆಗೆ ಬೇಕಾದಷ್ಟು ಮಾತ್ರ ನಾನು ಓದಿದ್ದು. ನಿಜಕ್ಕೂ ನಿದ್ದೆಯೋ, ಹೊಗೆಯೋ ಎಂದು ನನಗೂ ಖಾತ್ರಿಯಿರಲಿಲ್ಲ. ಸೊಪ್ಪು ಹಾಕದೆ, ಕಿಟಕಿಗಳನ್ನು ತೆರೆದಿಟ್ಟು ಬಂದೆವು. ಆ ದಿನ ಅತ್ತೆ ಊಟದ ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದರು.

ಮಾರನೆ ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಹುಳುಮನೆಯಲ್ಲಿದ್ದರು. "ಬಾ ಕಣ್ಣು, ಬಾ," ಎಂದು ಮೆಲ್ಲಗೆ ಕರೆದರು. ಹುಳುಗಳು ಹಳೆಯ ಚರ್ಮವನ್ನು ಕಾಲುಚೀಲದಂತೆ ಬಾಲದ ಕಡೆಗೆ ಸರಿಸಿ, ದೊಡ್ಡ ತಲೆಯೊಂದಿಗೆ ತೆವಳುತ್ತಿದ್ದವು. ಕೆಲವು ಬಾಲದ ತುದಿಯಲ್ಲಿ ಸಿಕ್ಕಿಕೊಂಡ ಚೂರನ್ನು ಇನ್ನೂ ಎಳೆದಾಡುತ್ತಿದ್ದವು. ಎಲ್ಲವೂ ಎದ್ದ ಮೇಲೆ ಸೊಪ್ಪು ಹಾಕಿದೆ. ಕಡಿಯುವ ಸದ್ದು ಕಾಗದ ಮುದುರಿದಂತೆ ಶುರುವಾಯಿತು. ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು, ನಾನು ತಂದುಕೊಟ್ಟ ಇಡ್ಲಿ ತಿಂದರು.

ಮಧ್ಯಾಹ್ನ ಗಂಡ ಬಂದು ಹುಳುಮನೆಯ ಬಾಗಿಲಲ್ಲಿ ಬೂದಿ ನೋಡಿ ನಿಂತರು. ನಾನು ಏನೋ ಹೇಳಹೊರಟೆ, ಅತ್ತೆ ಮೊದಲೇ ಬಾಯಿ ಬಿಟ್ಟರು. ಎಷ್ಟೋ ತಿಂಗಳ ಮೇಲೆ, ನೇರವಾಗಿ ಮಗನಿಗೇ.

"ನಾನೇ ಹೊಗೆ ತೋರಿಸ್ದೆ. ಸತ್ತೋದ್ವು ಅಂತ ಬಯ ಬಿದ್ದುಬಿಟ್ಟಿದ್ದೆ."

ಗಂಡ ಒಳಗೆ ಬಗ್ಗಿ ಸೊಪ್ಪು ಕಡಿಯುತ್ತಿದ್ದ ಹುಳುಗಳನ್ನು ನೋಡಿದರು. "ತೋರಿಸ್ಬೋದು ಅವ್ವ. ದೂರ ನಿಂತು ತೋರಿಸು."

"ದೂರ ನಿಂತ್ರೆ ಅವಕ್ಕೆ ಕಾಣ್ತದಾ?"

"ಅವಕ್ಕೆ ಕಣ್ಣು ಮಂಜು ಅವ್ವ."

"ನಿಂಗಿದ್ದಂಗೆ," ಎಂದು ಅತ್ತೆ ಹಿಪ್ಪುನೇರಳೆಯ ಕೊಂಬೆಯೊಂದನ್ನು ಎತ್ತಿ ಮಗನ ಕೈಗೆ ಕೊಟ್ಟರು.