ಲ್ಯಾಬಿನ ಆಯುಧಪೂಜೆ, ಮಲ್ಲಿಪಟ್ಟಣದ ಹೊಂಗೆಬೀಜ

ಹೊಂಗೆಬೀಜದಲ್ಲಿ ಎಣ್ಣೆ ಎಷ್ಟಿದೆ ಎಂದು ಇವತ್ತು ಯಾರು ಕೇಳಿದರೂ ಅಳೆದು ಹೇಳಬಲ್ಲೆ. ಆ ಅಳತೆ ತಪ್ಪುವುದಿಲ್ಲ ಎಂಬ ಧೈರ್ಯ ನನಗಿದೆ. ಅದನ್ನು ಕಲಿತದ್ದು ಹಾಸನದಲ್ಲಿ, ಬಯೋಟೆಕ್ನಾಲಜಿಯ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ.

ಚನ್ನರಾಯಪಟ್ಟಣದ ನಾನು, ಹೊಳೆನರಸೀಪುರದ ಅರ್ಚಕರ ಮನೆಯ ಗೆಳೆಯ, ಇಬ್ಬರದೇ ತಂಡ. ನಮ್ಮ ಊರುಗಳ ಬೀಜ ಅಳೆದು ಮುಗಿಸಿ ಆ ದಿನ ಅರಕಲಗೂಡು ಕಡೆಯ ಮಲ್ಲಿಪಟ್ಟಣದಿಂದ ತಂದಿದ್ದ ಬೀಜದ ಪುಡಿ ಹಾಕಿದ್ದೆವು. ಹೀಟರಿನ ಮೇಲಿನ ಫ್ಲಾಸ್ಕಿನಲ್ಲಿ ಪೆಟ್ರೋಲಿಯಂ ಈಥರ್ ಕುದಿಯುತ್ತದೆ. ಮೇಲೇರಿದ ಆವಿ, ಸುತ್ತ ನಲ್ಲಿನೀರು ಹರಿಯುವ ಗಾಜಿನ ಕೊಳವೆಯಲ್ಲಿ ತಣ್ಣಗಾಗಿ ಪುಡಿಯ ಮೇಲೆ ತೊಟ್ಟಿಕ್ಕಿ, ಎಣ್ಣೆಯನ್ನು ಎಳೆದುಕೊಂಡು ಇಳಿಯುತ್ತದೆ. ನೀರು ನಿಂತರೆ ಆವಿ ಹೊರಗೆ ಬರುತ್ತದೆ; ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ನೀರು ನೋಡಿಕೊಳ್ಳುವ ಕೆಲಸ ನನ್ನದು.

ಮರುದಿನ ಹಬ್ಬದ ರಜೆಯಾದ್ದರಿಂದ ಲ್ಯಾಬಿನ ಆಯುಧಪೂಜೆ ಅಂದೇ. ಕಟ್ಟಾಯದ ಅಟೆಂಡರ್ ಬೆಳಗಿನಿಂದ ನೆಲ, ಮೇಜು, ಸಿಂಕು ಎಲ್ಲ ತೊಳೆದು, ತಕ್ಕಡಿಗೂ ಮೈಕ್ರೋಸ್ಕೋಪಿಗೂ ಕುಂಕುಮ ಇಟ್ಟಿದ್ದರು. ಆರತಿತಟ್ಟೆ ನಮ್ಮ ಮೇಜಿನ ತುದಿಗೇ ಬಂತು.

"ಅಯ್ನೋರ ಮಗ ಇರೋವಾಗ ನಾನ್ಯಾಕಪ್ಪಾ ಆರತಿ ಎತ್ಲಿ? ನೀನೇ ಅಚ್ಚು ಕರ್ಪೂರವಾ," ಎಂದರು ಅಟೆಂಡರ್.

ಗೆಳೆಯ ನನ್ನನ್ನು ಕರೆದ. "ಲೇ, ನೀರು ಕಾಯೋದು ಸಾಕು ಬಾರೋ, ಗಂಟೆ ಹೊಡಿ. ಒಂದೇ ನಿಮಿಷ."

ನೀರಿನ ಎಳೆ ಸಣ್ಣಗಾಗಿದ್ದನ್ನು ನೋಡಿದೆ. ತೊಳೆದು ತೊಳೆದು ಟ್ಯಾಂಕ್ ಬರಿದಾಗುತ್ತಿತ್ತು. ಆರತಿ ಆಗಲಿ ಎಂದುಕೊಂಡು ಗಂಟೆ ಹಿಡಿದೆ. ಅವನ ಮಂತ್ರ ಒಂದು ನಿಮಿಷಕ್ಕೆ ಮುಗಿಯಲಿಲ್ಲ. ಈಥರಿನ ವಾಸನೆ ಬರುತ್ತಿತ್ತು, ಆದರೆ ಅದು ದಿನವೂ ಬರುತ್ತಿದ್ದುದೇ. ಇವತ್ತಿಗೂ ಮನಸ್ಸು ಅಲ್ಲಿಗೇ ಹಿಂದಿರುಗಿ, ನಾನು ಗಂಟೆ ಕೆಳಗಿಟ್ಟು ಹೀಟರ್ ಆರಿಸುವುದನ್ನು ಕಾಣುತ್ತದೆ.

ಅವನು ಕಡ್ಡಿ ಗೀರಿದ. ನೀಲಿ ಬೆಂಕಿ ಚೆಲ್ಲಿದ ನೀರಿನ ಹಾಗೆ ಮೇಜಿನುದ್ದಕ್ಕೂ ಹರಿದು ಕೊಳವೆಯ ತುದಿಗೆ ಹತ್ತಿತು. ಅವನ ಮುಖ ಅದರೊಳಗಿತ್ತು. ನಾನು ಗಂಟೆ ಹೊಡೆಯುತ್ತಲೇ ಇದ್ದೆ.

ಅಟೆಂಡರ್ ಅವನನ್ನು ಹಿಂದಕ್ಕೆ ಎಳೆದು, ಮೇನ್ ಸ್ವಿಚ್ ಆರಿಸಿ, ಬಾಗಿಲಲ್ಲಿದ್ದ ಒದ್ದೆ ಗೋಣಿಚೀಲವನ್ನು ಉರಿಯ ಮೇಲೆ ಮುಚ್ಚಿದರು. ಬೆಂಕಿ ನಿಂತಿತು. ಗೆಳೆಯನ ಹುಬ್ಬೂ ಮುಂಗೂದಲೂ ಸುಟ್ಟಿದ್ದವು. ಕಣ್ಣಿಗೆ ಏನೂ ಆಗಿರಲಿಲ್ಲ.

ಓಡಿಬಂದ ಗೈಡ್ ಮೇಡಂ, "ನೀರು ಯಾರು ನೋಡ್ತಿದ್ರಿ?" ಎಂದರು.

"ಟ್ಯಾಂಕ್ ಖಾಲಿ ಆಗ್ಬಿಟ್ಟಿತ್ತು ಮೇಡಂ," ಎಂದ ಗೆಳೆಯ.

"ನಾನು ನೋಡ್ತಿದ್ದೆ. ಕಮ್ಮಿ ಆಗಿದ್ದೂ ಗೊತ್ತಿತ್ತು," ಎಂದೆ.

"ಸರಿ. ಸೋಮವಾರ ನೀನೇ ಮತ್ತೆ ಹಾಕು."

ಸೋಮವಾರ ಟ್ಯಾಂಕ್ ಹತ್ತಿ ನೋಡಿಬಂದು, ಹೊರಬರುವ ನೀರಿಗೆ ಬೆರಳೊಡ್ಡಿದ ಮೇಲೆಯೇ ಹೀಟರ್ ಹಾಕಿದೆ. ಬರಬೇಡ ಎಂದರೂ ಗೆಳೆಯ ಬಂದು ಅದೇ ಮೇಜಿಗೆ ಕೂತ.

"ಹುಬ್ಬು ನೋಡಿ ಅಮ್ಮ ಏನಂದ್ರೋ?"

"ಹೋಮದ್ದು ಅಂದೆ, ನಂಬಿದ್ರು. ನೀನು ನೀರು ನೋಡೋ. ಬರ್ತಿದ್ಯಾ?"

"ಬರ್ತಿದೆ ಕಣೋ."

ಐದೈದು ನಿಮಿಷಕ್ಕೆ ಅದನ್ನೇ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಕೇಳುವುದನ್ನು ಬಿಟ್ಟ. ಫ್ಲಾಸ್ಕಿನಿಂದ ಒಂದು ಮೊಳ ಈಚೆಗೆ, ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋದ. ಎಣ್ಣೆ ಪೂರ್ತಿ ಇಳಿಯುವವರೆಗೂ ನಾನು ಅವನನ್ನು ಎಬ್ಬಿಸಲಿಲ್ಲ.