ಮೆಣಸಿನಕಾಯಿ ಹೊಲದಲ್ಲಿ ನೆರಳು ಮಾಡಿಸಿದವರು

ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ ಬಸುರಿ ಬಾಣಂತಿಯರ ಆರೈಕೆಯ ಮಾತು ಬಂದಾಗ ಆರೋಗ್ಯ ಸಹಾಯಕಿ ಶ್ರೀಮತಿ ಚನ್ನಮಲ್ಲಮ್ಮನವರ ಹೆಸರನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ಹೆರಿಗೆಯ ಹೊತ್ತಿಗೆ ಜೊತೆ ನಿಲ್ಲುವವರು ಹಲವರಿದ್ದಾರೆ. ಆದರೆ ಬಸಿರು ಇನ್ನೂ ಕಣ್ಣಿಗೆ ಕಾಣದ, ಹೆಣ್ಣುಮಗಳು ಅದನ್ನು ಬಾಯಿಬಿಟ್ಟು ಹೇಳಲಾರದ ಮೊದಲ ತಿಂಗಳುಗಳನ್ನೇ ತಮ್ಮ ಕೆಲಸದ ಮುಖ್ಯ ಭಾಗವೆಂದು ತಿಳಿದು ನಡೆದವರು, ನಾನು ಕಂಡಂತೆ, ಇವರು. ಅವರು ಸೇವೆಯಿಂದ ನಿವೃತ್ತರಾಗುವ ಈ ಸಂದರ್ಭದಲ್ಲಿ ಹೊರಬರುತ್ತಿರುವ ಗ್ರಂಥಕ್ಕೆ, ತಲೆ ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನನ್ನಿಂದಲೂ ಲೇಖನ ಬೇಕೆಂದು ಸಂಪಾದಕರು ಕೇಳಿದ್ದಾರೆ. ವಾಕ್ಯ ಎಲ್ಲಾದರೂ ಸೊಟ್ಟಗಾಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಂಡು ಓದಬೇಕು.

ಚನ್ನಮಲ್ಲಮ್ಮನವರ ಸೇವೆ ಶುರುವಾದದ್ದು ದೇವದುರ್ಗದ ಕಡೆಯ ಹಳ್ಳಿಗಳಲ್ಲಿ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು, ಸಿಕ್ಕರೆ ಟ್ರ್ಯಾಕ್ಟರಿನಲ್ಲಿ, ಸಿಗದಿದ್ದರೆ ನಡೆದು ಹೋದ ಆ ಕಾಲವನ್ನು ನೆನೆಯುವಾಗ ಅವರು ಕಷ್ಟವನ್ನು ಹೇಳುವುದಿಲ್ಲ, ನಗುವಂಥದ್ದನ್ನೇ ಹೇಳುತ್ತಾರೆ. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಗಂಡ, ಅತ್ತೆಯರನ್ನು ದಾಟಿ ಹೊರಗೆ ಹೋಗಬಾರದು. ಹೋದರೆ ಕಣ್ಣು ತಾಗುತ್ತದೆ. ಹೀಗಾಗಿ ಅವರು ಯಾರನ್ನೂ ಏನನ್ನೂ ಕೇಳದೆ ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತು, ಒಗ್ಗರಣೆ ಚಟಪಟ ಅಂದಾಗ ಯಾರು ಮೂಗು ಮುಚ್ಚಿಕೊಂಡು ಹೊರಗೆ ಎದ್ದು ಹೋಗುತ್ತಾರೆಂದು ನೋಡುತ್ತಿದ್ದರಂತೆ. ಆಮೇಲೆ ಹಿತ್ತಲಿಗೆ ಹೋಗಿ ಆಕೆಯ ಕೈಯಲ್ಲಿ ಗುಳಿಗೆ ಇಟ್ಟು ಬರುತ್ತಿದ್ದರು. ಆ ನಂಬಿಕೆಯನ್ನು ಅವರು ಎಂದೂ ಹೀಯಾಳಿಸಿದವರಲ್ಲ. ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡವರು.

ಅಲ್ಲಿಂದ ಅವರು ಮಾನ್ವಿ ತಾಲ್ಲೂಕಿನ ನಮ್ಮ ಕುರ್ಡಿಗೆ ವರ್ಗವಾಗಿ ಬಂದರು. ಆಗ ನಾನು ಮೆಣಸಿನಕಾಯಿ ಬಿಡಿಸುವ ಹೆಣ್ಣಾಳುಗಳ ಗುಂಪನ್ನು ಕಟ್ಟಿಕೊಂಡು ಹೊಲಗಳಿಗೆ ಹೋಗುತ್ತಿದ್ದೆ. ನನ್ನ ಸೊಸೆ, ಮಗ ಯಲ್ಲಾಲಿಂಗನ ಹೆಂಡತಿ ವಿಶಾಖಾ, ಅದೇ ಗುಂಪಿನಲ್ಲಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಎರಡು ತಿಂಗಳಿಗೇ ಬಸಿರು ಇಳಿದು ಹೋಗಿತ್ತು. "ಬಿಸಿಲಾಗ ದುಡದು ಕಳಕೊಂಡ್ಳು" ಎಂದು ಓಣಿಯವರು ಆಡಿದ ಮಾತು ಅವಳ ಎದೆಯಲ್ಲಿ ಕುಳಿತುಬಿಟ್ಟಿತ್ತು. ಈಗ ಮತ್ತೆ ಬಸಿರು, ಮತ್ತೆ ಅದೇ ಬಿಸಿಲು. ಹೊಲಕ್ಕೆ ಬಂದರೆ ಕೂಸಿಗೆ ಏನಾದೀತೋ ಎಂಬ ಅಂಜಿಕೆ. ಮನೆಯಲ್ಲಿ ಉಳಿದರೆ ಆ ದಿನವೇ ಊರಿಗೆಲ್ಲ ತಿಳಿದು, ಈ ಸಲವೂ ಹೋದರೆ ಮತ್ತೆ ಎಲ್ಲರ ಎದುರು ಅಳಬೇಕಾದೀತೆಂಬ ಅಂಜಿಕೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅವಳು ಸಾಲು ಹಿಡಿಯುವುದನ್ನು ನೋಡುತ್ತ ನಾನು ನನ್ನ ಸಾಲಿನಲ್ಲಿ ಬಗ್ಗಿರುತ್ತಿದ್ದೆ. ಬಾಯಿ ಬಿಡುವಂತಿರಲಿಲ್ಲ.

ಒಂದು ಮಧ್ಯಾಹ್ನ ಚನ್ನಮಲ್ಲಮ್ಮನವರು ಬದುವಿನ ಮೇಲೆ ನಡೆದು ಹೊಲಕ್ಕೇ ಬಂದರು. ನೀರಿನ ಕೊಡದ ಮುಚ್ಚಳ ತೆಗೆದು ನೋಡಿ ನನ್ನನ್ನು ಕೇಳಿದರು:

"ಗೋಪಮ್ಮಾ, ಕೊಡ ಮುಂಜಾನಿ ಇಟ್ಟಂಗೇ ಅದ ಅಲ್ರೀ. ಯಾರಿಗೂ ನೀರಡಿಕಿ ಇಲ್ಲೇನು?"

ಗುಂಪಿನಲ್ಲಿ ಬಾಯಿ ಜೋರಿದ್ದ ಬಡೇಬೀ ಹೇಳಿದಳು: "ಕುಡದ್ರ ಎಲ್ಲಿಗೆ ಹೋಗೂದ್ರೀ ಸಿಸ್ಟರ್? ಗಿಡ ಮೊಣಕಾಲಮಟ, ಸುತ್ತ ಬಯಲು. ನೀವು ಅಡ್ಡ ನಿಂದರ್ತೀರೇನು?"

"ನಿಂದರ್ತೀನಿ ತಗೋರಿ. ನಾನೇನು ಸಣ್ಣಾಕಿ ಅದೀನಾ, ನನ್ನ ಹಿಂದ ಇಬ್ಬರು ಮರಿ ಆಗ್ತೀರಿ!"

ನಗುವಂತೆ ಹೇಳಿದರೂ ಅವರ ಮುಖದಲ್ಲಿ ನಗೆ ಉಳಿಯಲಿಲ್ಲ. ನೇರವಾಗಿ ಬೇವಿನ ಗಿಡದಡಿ ಕುಳಿತಿದ್ದ ಹೊಲದ ಮಾಲೀಕರಾದ ಪಂಪಾಪತಿಯವರ ಹತ್ತಿರ ಹೋದರು.

"ಸಾವ್ಕಾರ್ರೆ, ಇವರು ನಸುಕಿನ್ಯಾಗ ಬರ್ಲಿ. ಹೊತ್ತು ಏರಿದ ಕೂಡ್ಲೆ ಬಿಟ್ಟು, ಇಳಿಹೊತ್ತಿಗೆ ಮತ್ತ ಹಚ್ಚಲಿ. ನಡುವ ಎಲ್ಲಾರೂ ನೆರಳಾಗ ಕುಂದ್ರಲಿ."

"ಕೂಲಿ ನಾ ಕೊಡಾಕತ್ತೀನಿ, ನೆರಳು ನೀವು ಹಂಚಾಕತ್ತೀರಲ್ರೀ ಮೇಡಂ! ಯಾರಿಗರ ಮೈಯಾಗ ಆರಾಮಿಲ್ಲಂದ್ರ ಆಕಿ ಒಬ್ಬಾಕಿ ಮನಿಗೆ ಹೋಗಲಿ."

"ಒಬ್ಬಾಕಿಗೆ ಹೋಗಂದ್ರ ಆಕಿ ಹೋಗಂಗಿಲ್ರೀ. ಅದಕ್ಕಽ ಎಲ್ಲಾರನ್ನೂ ಕುಂದ್ರಸ್ರಿ ಅಂತೀನಿ. ಬಿಸಿಲೇರಿದ್ರ ಕಾಯಿ ಕೈಯಾಗ ಪುಡಿಪುಡಿ ಆಗ್ತಾವು, ತಂಪಿನ್ಯಾಗ ಹಿಡದ್ರ ಇಡೀ ಬರ್ತಾವು. ನಿಮಗೇನು ಲುಕ್ಸಾನ್ರೀ?"

ಪಂಪಾಪತಿಯವರು ಗೊಣಗಿದರು. ಮರುದಿನವೂ ಗೊಣಗಿದರು. ಆದರೆ ಬಿದಿರು, ತಾಡಪತ್ರಿ ಅವರ ಟ್ರ್ಯಾಕ್ಟರಿನಲ್ಲೇ ಬಂದವು. ಕಾಲುವೆಯ ಒಡ್ಡಿಗೆ ಚಪ್ಪರ ಎದ್ದಿತು. ಅದರ ಹಿಂದೆ ಹಳೇ ಸೀರೆಗಳನ್ನು ಕಟ್ಟಿ ಮರೆ ಮಾಡಿದೆವು. ಅಂದಿನಿಂದ ಕೊಡ ತುಂಬಿ ತರುವುದೇ ಒಂದು ಕೆಲಸವಾಯಿತು.

"ಯಾರ ಸಲುವಾಗಿ ಬೇ ಈ ಚಪ್ಪರ? ಯಾರಿಗೆ ತಿಂಗಳಾಗ್ಯಾವ?" ಎಂದು ಬಡೇಬೀ ಎಲ್ಲರ ಹೊಟ್ಟೆ ನೋಡತೊಡಗಿದಳು.

"ನನಗಽ ಆಗ್ಯಾವ ನೋಡವ್ವಾ. ಬಯಕಿ ಊಟ ನೀನಽ ಹಾಕಬೇಕು" ಎಂದರು, ಮಗಳ ಮದುವೆ ಮುಗಿಸಿದ್ದ ಚನ್ನಮಲ್ಲಮ್ಮನವರು. ನಗೆಯಲ್ಲಿ ಆ ಪ್ರಶ್ನೆ ಕರಗಿಹೋಯಿತು. ವಿಶಾಖಾಳ ವಿಷಯ ಇವರಿಗೆ ಹೇಗೆ ಗೊತ್ತಾಯಿತೆಂದು ನಾನು ಬೆರಗಾಗಿದ್ದೆ.

ಕೆಲವು ದಿನಗಳ ಮೇಲೆ ವಿಶಾಖಾಳ ಸೀರೆಗೆ ರಕ್ತದ ಕಲೆ ಕಂಡಿತು. ಆಗ ಅವಳೇ ಓಡಿಹೋಗಿ ಅವರಿಗೆ ಎಲ್ಲವನ್ನೂ ಹೇಳಿದಳು. ಅವರು ಸಿಕ್ಕ ಬಸ್ಸಿಗೆ ನಮ್ಮಿಬ್ಬರನ್ನೂ ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಾಗ ವಿಶಾಖಾ ಕೇಳಿದಳು: "ಸಿಸ್ಟರ್, ಹ್ವಾದ ಸಲದ್ದು ಬಿಸಿಲಿಗೇ ಹೋತೇನ್ರೀ? ನಾನಽ ಕಳಕೊಂಡ್ನೇನು?"

"ನೋಡು ಯವ್ವಾ, ಇಷ್ಟು ಲಗೂ ಹೋಗೂವು ಬಾಳಷ್ಟು ಕೂಸು ಕಟ್ಟೂವಾಗಽ ಸರಿಯಾಗಿ ಕಟ್ಟಿರಂಗಿಲ್ಲ. ನೀ ನೆರಳಾಗ ಕುಂತಿದ್ರೂ ಹೋಗ್ತಿತ್ತೋ ಏನೋ. ಬಿಸಿಲಿಗೇ ಹೋತಂದ್ರ ಸುಳ್ಳು ಹೇಳಿದಂಗಾಗ್ತದ. ಮೈ ಕಾಯಿಸ್ಕೋಬ್ಯಾಡ, ನೀರು ಕುಡಿಯೂದು ಬಿಡಬ್ಯಾಡ, ಜ್ವರ ಬಂದ್ರ ಮುಚ್ಚಿಡಬ್ಯಾಡ. ಅಷ್ಟು ನಿನ್ನ ಕೈಯಾಗ ಅದ. ಉಳದದ್ದು ನಿನ್ನ ತಪ್ಪಲ್ಲ."

ವಿಶಾಖಾ ವರ್ಷದಿಂದ ಕಟ್ಟಿಕೊಂಡಿದ್ದ ಅಳುವನ್ನು ಅಲ್ಲಿ ಬಿಟ್ಟಳು. ಒಳಗೆ ಹೋಗುವ ತನಕ ಅವರು ಅವಳ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಡಾಕ್ಟರು ಪರದೆ ತೋರಿಸಿ, "ಎದಿ ಬಡಕೊಳ್ಳಾಕತ್ತದ, ನೋಡ್ರಿ" ಎಂದಾಗ ನನಗೆ ಕಂಡದ್ದು ಒಂದು ಜೋಳದ ಕಾಳಿನಷ್ಟು ಮಿಣುಕು. ಚಳಿಗಾಲ ಕಾಲಿಡುವ ಹೊತ್ತಿಗೆ ಹೆಣ್ಣುಕೂಸು ಕೈಗೆ ಬಂತು. ಈಗ ಅವಳು ಶಾಲೆಗೆ ಹೋಗುತ್ತಾಳೆ.

ಆಮೇಲೆ ಅವರು ರಾಯಚೂರು ನಗರಕ್ಕೆ ವರ್ಗವಾದರು. ತಗಡಿನ ಮನೆಗಳ ಓಣಿಗಳಲ್ಲಿ, ಮಧ್ಯಾಹ್ನ ಹಚ್ಚುವ ಒಲೆಯನ್ನು ಮುಂಜಾನೆಯೇ ಹಚ್ಚಿಸುವುದು, ತಗಡಿನ ಮೇಲೆ ಒದ್ದೆ ಗೋಣಿಚೀಲ ಹಾಸಿಸುವುದು, ಹೀಗೆ ಬೇಸಿಗೆಗಳನ್ನು ಕಳೆದರು. ಅಲ್ಲಿಯೂ ಬಸುರಿಯೊಬ್ಬಳ ಮನೆಗೆ ಹೋಗಬೇಕಾದರೆ ಓಣಿಯ ಎಲ್ಲ ಮನೆಗಳಿಗೂ ಹೋಗುತ್ತಿದ್ದರೆಂದು ಕೇಳಿದ್ದೇನೆ.

ಈ ಲೇಖನ ಬರೆಯುವ ಮೊದಲು ಅವರನ್ನು ಕಾಣಲು ಹೋಗಿದ್ದೆ. "ನಮ್ಮ ಸೊಸಿ ಒಬ್ಬಾಕಿ ಸಲುವಾಗಿ ಇಡೀ ಗುಂಪಿಗೆ ನೆರಳು ಮಾಡಿಸಿದ್ರಿ, ಮರಿಯಂಗಿಲ್ರೀ" ಎಂದೆ. ಅವರು "ಗೋಪಮ್ಮಾ, ಚಪ್ಪರ ಹಾಕಿಸಿದಾಗ ನಿಮ್ಮ ಸೊಸಿದು ನನಗ ಗೊತ್ತೇ ಇರಲಿಲ್ರೀ" ಎಂದರು. ಅಷ್ಟೇ. ಮುಂದಿನ ಮಾತು ಚಹದ್ದಾಯಿತು.

ಅಂದಮೇಲೆ ಅಂದು ಸಾವ್ಕಾರರ ಮುಂದೆ ಅವರು ಹೇಳಿದ ಆ 'ಒಬ್ಬಾಕಿ' ಬೇರೆ ಯಾರೋ; ಆ ತಾಡಪತ್ರಿಯ ಕೆಳಗೆ, ನಮ್ಮ ಭುಜಕ್ಕೆ ಭುಜ ಹಚ್ಚಿ, ವಿಶಾಖಾಳಂತೆಯೇ ಅಂಜಿಕೊಂಡು ಇನ್ನೊಬ್ಬಳು ಕುಳಿತಿದ್ದಳು. ಬಸ್ಸಿನಲ್ಲಿ ಬರುವಾಗ ಗುಂಪಿನ ಒಬ್ಬೊಬ್ಬರ ಮುಖವನ್ನೂ ನೆನೆದುಕೊಂಡೆ. ಆಮೇಲೆ, ಇದು ತಿಳಿಯಬೇಕಾದವಳು ನಾನಲ್ಲ ಎಂದು ಬಿಟ್ಟೆ. ಆಕೆಯ ಮಡಿಲು ತುಂಬಿತೋ ಇಲ್ಲವೋ ಎಂಬುದನ್ನೂ ಚನ್ನಮಲ್ಲಮ್ಮನವರೊಬ್ಬರೇ ಬಲ್ಲರು.

ಅವರಿಗೆ ದೊಡ್ಡ ಆಯುಷ್ಯವಾಗಲಿ, ಮೈಯಲ್ಲಿ ಬಲವಿರಲಿ. ನೌಕರಿ ಮುಗಿದರೂ ಬೇಸಿಗೆಯಲ್ಲಿ ನಮ್ಮ ಹೊಲಗಳ ಕಡೆ ಬರುತ್ತೇನೆಂದು ಮಾತು ಕೊಟ್ಟಿದ್ದಾರೆ. ಆ ಬರುವಿಕೆ ನಿಲ್ಲದಿರಲಿ. ಹೆಸರು ಹೇಳಲಾರದ ಹೆಣ್ಣುಮಕ್ಕಳು ಇನ್ನೂ ಅವರನ್ನು ಹುಡುಕಿಕೊಂಡು ಹೋಗಲಿ, ಆ ಹೆಸರುಗಳೆಲ್ಲ ಅವರಲ್ಲಿ ಬಹುಕಾಲ ಕ್ಷೇಮವಾಗಿರಲಿ.